ಗುರುಲಿಂಗವ್ವನಿಗೆ ನಿಲ್ಲದ ಫೋಕಸ್

ಫೆಬ್ರುವರಿ 6, ಮಂಗಳವಾರ

ಅಮೀನಗಡದಲ್ಲಿ ತೊಟ್ಟಿಲ ಕಾರ್ಯಕ್ರಮದ ಫೋಟೋ. ಲೆನ್ಸ್ ಮತ್ತೆ ತಕರಾರು. ಬಟನ್ ಅರ್ಧ ಒತ್ತಿದರೆ ಫೋಕಸ್ ಮೋಟರ್ ಕಿರ್ರ್ ಎಂದು ಹೋಗಿ, ಚಿತ್ರ ಸ್ಪಷ್ಟವಾದೊಡನೆ ಟಕ್ ಎಂದು ನಿಲ್ಲಬೇಕು. ನಿಲ್ಲಲೇ ಇಲ್ಲ. ಮುಂದೆ, ಹಿಂದೆ, ಮುಂದೆ... ಆಫ್ ಮಾಡಿ ಆನ್ ಮಾಡಿದೆ, ಸರಿಹೋಯಿತು. ಬಾಗಲಕೋಟೆಯ ರಿಪೇರಿಯವನು ಫೋನಿನಲ್ಲಿ ನಕ್ಕ. "ಮುದುಕ ಮೋಟರ್ ಅದು. ಇವತ್ತ ನಡೀತೈತಿ, ನಾಳೆ ನಿಂತೀತು. ಪಾರ್ಟ್ಸ್ ಬರೂದ ಬಂದ್ ಆಗೈತ್ರಿ."

ಫೆಬ್ರುವರಿ 11, ರವಿವಾರ

ಇಲ್ಲೇ ಕಮತಗಿಯಲ್ಲಿ ಗುರುಲಿಂಗವ್ವ ತೀರಿಕೊಂಡಳು. ಬದುಕಿದ್ದಾಗ ಕ್ಯಾಮೆರಾ ಕಂಡರೆ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಒಂದೂ ಫೋಟೋ ಇಲ್ಲ. ಮಣ್ಣಿಗೆ ಒಯ್ಯುವ ಮೊದಲು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ನನಗಾಗಿ ಭಜನೆ ನಿಲ್ಲಿಸಿದರು.

ಒತ್ತಿದೆ. ಕಿರ್ರ್... ಕಿರ್ರ್... ಅಷ್ಟು ಮೌನದಲ್ಲಿ ಅದೊಂದೇ ಸಪ್ಪಳ.

"ಆಕಿಗಿ ಮನಸಿಲ್ಲ," ಎಂದಳು ಹಿಂದೆ ಕೂತಿದ್ದ ಮುದುಕಿ.

"ಮೋಟರ್ ಕೆಟ್ಟೈತ್ರಿ," ಎಂದೆ.

"ಹಂಗಾದ್ರ ನನ್ನ ಕಡೆ ಹಿಡಿ, ನೋಡೂನು," ಎಂದ ಅಳಿಯ ಅಮಾತೆಪ್ಪ.

ಹಿಡಿದೆ. ಟಕ್. ಒಂದೇ ಸಲಕ್ಕೆ. ಮತ್ತೆ ಗುರುಲಿಂಗವ್ವನ ಕಡೆ ತಿರುಗಿಸಿದೆ. ಕಿರ್ರ್... ಕಿರ್ರ್...

ಆಕೆಯ ಮಗಳು, ಅಮಾತೆಪ್ಪನ ಹೆಂಡತಿ ಸುನಂದಾ ಎದೆ ಹಿಡಿದುಕೊಂಡು ಕುಸಿದಳು. ಲೆನ್ಸಿನ ರಿಂಗ್ ಕೈಯಿಂದ ತಿರುಗಿಸಿ ಹೇಗೋ ಗುರುಲಿಂಗವ್ವನ ಫೋಟೋ ತೆಗೆದೆ. ಮೋಟರಿನದೇ ತಪ್ಪು ಅಂತ ಗೊತ್ತು. ಆದರೂ ಆಮೇಲೆ ಆ ಕಡೆ ಕ್ಯಾಮೆರಾ ತಿರುಗಿಸಲಿಲ್ಲ.

ಫೆಬ್ರುವರಿ 16, ಶುಕ್ರವಾರ

ಅಮಾತೆಪ್ಪ ಅಂಗಡಿಗೆ ಬಂದ. ಸೋಮವಾರ ಬಾಗಲಕೋಟೆಯಲ್ಲಿ ಸುನಂದಾಳ ಹಾರ್ಟ್ ಆಪರೇಷನ್. ಹೋಗಲೊಲ್ಲಳು.

"ಅವ್ವ ನನ್ನೂ ಕರಿಯಾಕತ್ತಾಳ ಅಂತಾಳ. ಅದ ಕ್ಯಾಮೆರಾದಾಗ ತನ್ನ ಫೋಟೋ ತೆಗೀಬೇಕಂತ. ಟಕ್ ಅಂತ ನಿಂತ್ರ ತಾ ಬದುಕ್ತೀನಂತ, ದವಾಖಾನಿಗಿ ಬರ್ತಾಳಂತ. ನಿಲ್ಲಲಿಲ್ಲಂದ್ರ ಇಲ್ಲ. ಡಾಕ್ಟರ್ ಹೇಳ್ಯಾರ, ತಡಾ ಆದ್ರ ಆಕಿ ಉಳಿಯೂದಿಲ್ಲ ಕಳಕಪ್ಪ."

"ಮೊಬೈಲಿನ್ಯಾಗ ತೆಗೀಲೇನು?" ಎಂದೆ.

"ಹೇಳಿ ಬೈಸ್ಕೊಂಡ ಬಂದೇನಿ. ಇನ್ನ ನೀ ಹೋಗಿ ಬೈಸ್ಕೋ."

ಇಬ್ಬರೂ ನಕ್ಕೆವು. ರವಿವಾರ ಆಕೆಯನ್ನು ಅಂಗಡಿಗೆ ಕರೆತರುತ್ತಾನೆ.

ಫೆಬ್ರುವರಿ 17, ಶನಿವಾರ

ಇಳಕಲ್ಲಿಗೆ ಹೋಗಿದ್ದೆ, ಬೇರೆ ಲೆನ್ಸ್ ಕೇಳಲು. ಮದುವೆ ಸೀಸನ್. ಯಾರ ಲೆನ್ಸೂ ಖಾಲಿ ಇಲ್ಲ. ಬಸ್ಸಿನಲ್ಲಿ ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಬಂದೆ. ಗಾಡಿ ಕುಣಿದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿದೆ.

ಫೆಬ್ರುವರಿ 18, ರವಿವಾರ, ಬೆಳಿಗ್ಗೆ

ಕ್ಯಾಲೆಂಡರಿಗೆ ಫೋಕಸ್ ನಿಂತಿತು. ಬಾಗಿಲಿಗೆ ನಿಂತಿತು. ಸುನಂದಾ ಕೂರುವ ಸ್ಟೂಲಿಗೆ ಕಿರ್ರ್... ಕಿರ್ರ್... ಟಕ್. ಅಬ್ಬಾ. ಇನ್ನು ಮುಟ್ಟಬಾರದು.

ಸ್ವಲ್ಪ ಹೊತ್ತಿನ ಮೇಲೆ

ಮುಟ್ಟಿದೆ. ಈಗ ಕಿರ್ರ್ ಕೂಡ ಇಲ್ಲ. ಆಫ್ ಮಾಡಿದೆ, ಆನ್ ಮಾಡಿದೆ, ಬಟ್ಟೆಯಲ್ಲಿ ಸುತ್ತಿ ತಟ್ಟಿದೆ. ಮೋಟರ್ ಸತ್ತಿದೆ.

ಕೈಯಿಂದ ಫೋಕಸ್ ಮಾಡಬಹುದು. ಆದರೆ ಆಕೆ ಕಿವಿಗೊಟ್ಟು ಕೂರುತ್ತಾಳೆ. ಸಪ್ಪಳ ಬೇಕು.

ಬಾಯಿಂದಲೇ ಮಾಡಿ ನೋಡಿದೆ. ಕಿರ್ರ್, ಟಕ್. ಮುಖ ಕ್ಯಾಮೆರಾದ ಹಿಂದೆ ಇರುತ್ತದೆ, ತುಟಿ ಕಾಣದು. ನಾಲಗೆ ಅಂಗುಳಕ್ಕೆ ಒತ್ತಿ ಬಿಟ್ಟರೆ ಟಕ್ ಚೆನ್ನಾಗಿ ಬರುತ್ತದೆ. ಇನ್ನೊಮ್ಮೆ. ನೀರು ಕುಡಿದೆ.

ಹೊರಗೆ ಗಾಡಿ ನಿಂತಿತು. "ಸಾವಕಾಶ ಇಳಿ," ಅನ್ನುತ್ತಿದ್ದಾನೆ ಅಮಾತೆಪ್ಪ.

ಇನ್ನೊಮ್ಮೆ ಬಾಯಿಂದ: ಕಿರ್ರ್ — ಕಿರ್ರ್ —