ದಿಬ್ಬದ ಬುಡದ ಸೊಪ್ಪು

ಕ್ಯಾಸಂಬಳ್ಳಿ
೧೪ ಅಕ್ಟೋಬರ್ ೨೦೨೫, ಮಂಗಳವಾರ

ನವ್ಯಳ ತಂದೆಯವರಿಗೆ,

ಶ್ಯಾಮಲ ಮಾಡುವ ನಮಸ್ಕಾರ. ನಾವಿಲ್ಲಿ ಕ್ಷೇಮ, ನೀವಲ್ಲಿ ಕ್ಷೇಮವೇ ಎಂದು ಕೇಳುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಮೊದಲು ಎದ್ದು ಹೋಗಿ, ಫ್ರಿಜ್ಜಿನಲ್ಲಿ ಇಟ್ಟಿರುವ ಆ ಸೊಪ್ಪನ್ನು ತೆಗೆದು ಬಿಸಾಡಿ. ಬೀದಿ ಹಸುವಿಗೂ ಹಾಕಬೇಡಿ. ಆಮೇಲೆ ಕೂತು ಈ ಕಾಗದ ಓದಿ.

ನಿನ್ನೆ ಸಂಜೆ ನವ್ಯ ಫೋನ್ ಮಾಡಿದ್ದಳು. "ಅಮ್ಮಾ, ಅಪ್ಪ ಭಾನುವಾರ ಸೈನೈಡ್ ದಿಬ್ಬದ ತಾವ ಓಗಿ ಒಂದು ಚೀಲ ಸೊಪ್ಪು ಕಿತ್ಕೊಂಡು ಬಂದ್ರು, ಅದ್ರಲ್ಲೇ ಸಾರು ಮಾಡವ್ರೆ, ಮಿಕ್ಕಿದ್ದು ಫ್ರಿಜ್ಜಲ್ಲಿ ಮಡಗವ್ರೆ" ಅಂದಳು. ನೀನು ತಿಂದೆಯಾ ಎಂದು ಕೇಳಿದರೆ, "ಅಪ್ಪ ಬೇಜಾರ್ ಮಾಡ್ಕೊಂತಾರೆ ಅಂತ ಎಲ್ಡೇ ತುತ್ತು" ಅಂದಳು. ಹತ್ತು ವರ್ಷದ ಮಗು ನಿಮ್ಮ ಮನಸ್ಸಿಗೆ ನೋವಾಗಬಾರದು ಎಂದು ತಿಂದಿದೆ. ನಿಮಗೆ ಸ್ವಲ್ಪವಾದರೂ ಬುದ್ಧಿ ಬೇಡವೇ? ಇನ್ನು ಮುಟ್ಟಬೇಡ ಎಂದು ಅವಳಿಗೆ ಹೇಳಿದ್ದೇನೆ. ನಿಮಗೂ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀವು ಬಾಯಿ ಹಾಕಿ ಭಾಷಣ ಶುರು ಮಾಡುತ್ತೀರಿ. ಅದಕ್ಕೇ ಬರೆದು, ಹಾಲಿನ ಕದಿರಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ಆ ದಿಬ್ಬ ಏನು ಅಂತ ಗೊತ್ತೇನ್ರೀ ನಿಮಗೆ? ಗಣಿಯಿಂದ ಚಿನ್ನ ತೆಗೆದುಕೊಂಡು, ಸೈನೈಡಿನಲ್ಲಿ ತೊಳೆದು, ಬೇಡವಾಗಿ ಸುರಿದ ಮಣ್ಣು. ಹನ್ನೆರಡು ವರ್ಷದಿಂದ ಅದರ ಪಕ್ಕದಲ್ಲೇ ಡ್ಯೂಟಿಗೆ ಓಡಾಡಿದ್ದೀರಿ. ಮಳೆ ಬಿದ್ದಾಗ ಅದರ ಬುಡದಲ್ಲೂ ದಗ್ಗಲಿ, ಗೋಣಿ ಸೊಪ್ಪು ಹಸಿರಾಗಿ ಎದ್ದು ಬರುತ್ತವೆ, ನಾನೂ ನೋಡಿದ್ದೇನೆ. ನಮ್ಮ ಕಡೆಯ ಯಾವ ಹೆಂಗಸೂ ಅಲ್ಲಿ ಬಗ್ಗಿ ಒಂದು ಕುಡಿ ಚಿವುಟುವುದಿಲ್ಲ. ಆ ಮಣ್ಣಲ್ಲಿ ಏನೇನಿದೆಯೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ತಂದು ಮಗುವಿನ ತಟ್ಟೆಗೆ ಬಡಿಸುತ್ತೀರಾ?

ನೀವು ನವ್ಯಳಿಗೆ ಹೇಳಿದಿರಂತೆ, ಇದು ನೈಸರ್ಗಿಕ, ಯಾರೂ ಬಿತ್ತಿಲ್ಲ, ಯಾರೂ ಗೊಬ್ಬರ ಹಾಕಿಲ್ಲ, ಇದಕ್ಕಿಂತ ಒಳ್ಳೆಯದು ಇಲ್ಲ ಎಂದು. ಅಯ್ಯೋ ನನ್ನ ಕರ್ಮವೇ! ನಾನು ಏಳು ವರ್ಷದವಳಿದ್ದಾಗ ಅಮ್ಮ ಬೆರಕೆ ಸೊಪ್ಪು ಕೀಳಲು ಹೊಲಕ್ಕೆ ಕರೆದುಕೊಂಡು ಹೋದಾಗ, ಸೊಪ್ಪಿನ ಹೆಸರು ಹೇಳಿಕೊಡುವುದಕ್ಕೆ ಮೊದಲು ಜಾಗ ಹೇಳಿಕೊಟ್ಟಳು. ಟೊಮೇಟೊ ತೋಟದ ಬದುವಿಗೆ ಹೋಗಬೇಡ, ಔಷಧಿ ಹೊಡೆದಿರುತ್ತಾರೆ. ರಸ್ತೆ ಪಕ್ಕ ಬೇಡ. ದಿಬ್ಬದ ಕಡೆ ತಲೆ ಹಾಕಿಯೂ ಮಲಗಬೇಡ. "ಸೊಪ್ಪು ಮಣ್ಣು ತಿಂದು ಬೆಳೀತದೆ, ನಾವು ಸೊಪ್ಪು ತಿಂದು ಬೆಳೀತೀವಿ ಕಣಮ್ಮಿ" ಅಂದಿದ್ದಳು. ಅಣ್ಣೆ ಸೊಪ್ಪು ಯಾವುದು, ಕನ್ನೆ ಸೊಪ್ಪು ಯಾವುದು ಅನ್ನುವುದೆಲ್ಲ ಅದಾದ ಮೇಲೆ ಕಲಿತದ್ದು. ನೀವು ಫೋನಿನಲ್ಲಿ ಚಿತ್ರ ನೋಡಿ ಎಲೆಯ ಆಕಾರ ಕಲಿತಿರಿ. ಜಾಗ ಕಲಿಯಲಿಲ್ಲ.

ನೀವು ರೋಣದ ಕಡೆಯವರು, ಜೋಳದ ರೊಟ್ಟಿ ತಿಂದು ಬೆಳೆದವರು. ನಮ್ಮ ಊಟ ನಿಮಗೆ ಗೊತ್ತಿಲ್ಲದಿದ್ದದ್ದು ತಪ್ಪಲ್ಲ. ಮದುವೆಯಾದ ಹೊಸದರಲ್ಲಿ ಮುದ್ದೆಯನ್ನು ಅಗಿದು ಅಗಿದು, "ಇದೇನ ಹಲ್ಲಿಗೆ ಮೆತ್ತಿಕೊಳ್ಳಾಕತ್ತೈತಿ" ಎಂದು ಮುಖ ಕಿವುಚಿದಾಗ ನಮ್ಮಪ್ಪ ಬಚ್ಚಪ್ಪನವರು ನಕ್ಕು ನಕ್ಕು ಸುಸ್ತಾಗಿ, ಅದನ್ನು ಅಗಿಯುವುದಲ್ಲ ಅಳಿಯಂದಿರೇ, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ತೋರಿಸಿಕೊಟ್ಟಿದ್ದರು. ನಾನೂ ನಕ್ಕಿದ್ದೆ. ಆಮೇಲೆ ಹನ್ನೆರಡು ವರ್ಷ ನೀವು ಅದನ್ನು ಮತ್ತೆ ಮುಟ್ಟಲಿಲ್ಲ, ನಾನೂ ಬಲವಂತ ಮಾಡಲಿಲ್ಲ.

ಆದರೆ ಆಗಸ್ಟ್ ತಿಂಗಳ ಆ ಭಾನುವಾರ ಇದೆಯಲ್ಲ, ಅದನ್ನು ಮಾತ್ರ ನಾನು ಮರೆಯುವವಳಲ್ಲ. ಅಮ್ಮ ಬಸ್ಸಿನಲ್ಲಿ ಸೊಪ್ಪು ಹೊತ್ತುಕೊಂಡು ಬಂದು, ನಿಮ್ಮ ಫ್ಯಾಕ್ಟರಿಯ ಸ್ನೇಹಿತರು ಊಟಕ್ಕೆ ಬರುತ್ತಾರೆ ಎಂದು ಖುಷಿಯಿಂದ ಮಸ್ಸೊಪ್ಪು ಮಾಡಿ ಮುದ್ದೆ ಕಟ್ಟಿದಳು. ಬಂದವರಲ್ಲಿ ಗೋಪಾಲ್ ಅವರ ಹೆಂಡತಿ ಅಡುಗೆಮನೆಗೆ ಇಣುಕಿ ನೋಡಿ, ಮುದ್ದೆ ಮಾಡಿದ್ದೀರಾ ಎಂದು ಕೇಳಿದ್ದಕ್ಕೆ ನೀವು, "ಅದು ನಮಗಲ್ಲರೀ, ಕೆಲಸದಾಕಿಗೆ" ಅಂದಿರಿ. ಅಮ್ಮ ಒಲೆಯ ಮುಂದೆಯೇ ನಿಂತಿದ್ದಳು. ಆ ಕೆಲಸದಾಕಿ ತಾನೇ ಎಂದು ಅವರು ತಿಳಿದುಕೊಳ್ಳಲಿ ಅಂತ, ಸೆರಗು ಸಿಕ್ಕಿಸಿಕೊಂಡು ಪಾತ್ರೆ ತೊಳೆಯಲು ಕೂತಳು. ನಿಮ್ಮ ಮರ್ಯಾದೆ ಉಳಿಸಲು ನನ್ನ ಹೆತ್ತ ತಾಯಿ ಅಶ್ವತ್ಥಮ್ಮ ನನ್ನ ಮನೆಯಲ್ಲೇ ಆಳಾದಳು. ಸಂಜೆ ಬಸ್ಸಿಗೆ ಅವಳ ಜೊತೆ ನಾನೂ ಹತ್ತಿದೆ. ಪರೀಕ್ಷೆ ಇದ್ದದ್ದರಿಂದ ಮಗುವನ್ನು ಬಿಟ್ಟು ಬಂದೆ. ಅದೊಂದೇ ನನ್ನ ತಪ್ಪು ಎಂದು ಇಲ್ಲಿಯವರೆಗೂ ಅಂದುಕೊಂಡಿದ್ದೆ.

ನಾನು ಬಂದ ಮೇಲೆ ನಿಮಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದರಂತೆ. ಇದ್ದಕ್ಕಿದ್ದ ಹಾಗೆ ರಾಗಿಯ ಮೇಲೆ ಪ್ರೀತಿ ಉಕ್ಕಿತು. ಆಗಲಿ, ಒಳ್ಳೆಯದೇ. ಆದರೆ ಫ್ಯಾಕ್ಟರಿಯ ಆರೋಗ್ಯ ದಿನದಂದು ಶಾಲು ಹೊದಿಸಿಕೊಂಡು ಮೈಕಿನ ಮುಂದೆ ನಿಂತಿರಲ್ಲ! ಆ ವಿಡಿಯೊವನ್ನು ನಾನು ಹಾಲಿನ ಡೈರಿಯಲ್ಲಿ, ಕದಿರಪ್ಪನ ಫೋನಿನಲ್ಲಿ, ಹತ್ತು ಜನರ ನಡುವೆ ನೋಡಿದೆ. ರಾಗಿ ಆಫ್ರಿಕಾದಿಂದ ಸಾವಿರಾರು ವರ್ಷಗಳ ಹಿಂದೆ ಬಂತು, ಅದರಲ್ಲಿ ಕ್ಯಾಲ್ಸಿಯಂ ಇದೆ, ನಾರಿನಂಶ ಇದೆ, ಸೊಪ್ಪಿನಲ್ಲಿ ಕಬ್ಬಿಣ ಇದೆ, ಬಾಗಿಲಿಗೇ ಸೊಪ್ಪು ತಂದುಕೊಡುವವಳನ್ನು ನಾನೇ ಹುಡುಕಿದ್ದೇನೆ. ಸರಿ. ಕೊನೆಗೆ ಏನಂದಿರಿ? ಇಲ್ಲಿಯ ಜನಕ್ಕೆ ಇದರ ಬೆಲೆ ಗೊತ್ತಿಲ್ಲ, ಸುಮ್ಮನೆ ಹೊಟ್ಟೆ ತುಂಬಿಸಿಕೊಳ್ಳಲು ತಿನ್ನುತ್ತಾರೆ! ಫ್ಯಾಕ್ಟರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಡೈರಿಯಲ್ಲಿದ್ದವರು ಮಾತ್ರ ನನ್ನ ಕಡೆ ತಿರುಗಿ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಕ್ಯಾಲ್ಸಿಯಂ ಅನ್ನುವ ಹೆಸರು ನಮ್ಮಮ್ಮನಿಗೆ ಗೊತ್ತಿಲ್ಲ. ನವ್ಯ ಹುಟ್ಟಿದಾಗ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ಹಳೆಯ ಪಂಚೆಯಲ್ಲಿ ಸೋಸಿ ಸರಿ ಹಿಟ್ಟು ಮಾಡಿಕೊಟ್ಟವಳು ಅವಳೇ. ನಿಮ್ಮ ಮಗಳ ಕಾಲು ನಿಂತದ್ದು ಆ ಹಿಟ್ಟಿನಲ್ಲಿ. ಆಗ ನೀವು ಬೂದಿ ಹಾಗಿದೆ ಅಂದಿದ್ದಿರಿ.

ಇನ್ನೊಂದು ಮಾತು. ರಾಗಿ ಒಳ್ಳೆಯದು ಎಂದು ಹೊತ್ತಿಗೆ ಮೂರು ಮುದ್ದೆ ಇಳಿಸುತ್ತಿದ್ದೀರಂತೆ. ಅಷ್ಟು ತಿಂದರೆ ಸಕ್ಕರೆ ಏರದೆ ಇನ್ನೇನಾಗುತ್ತದೆ? ಒಂದೇ ಮುದ್ದೆ, ಅದೂ ಚಿಕ್ಕದು, ಸೊಪ್ಪು ಕಾಳು ಜಾಸ್ತಿ. ಮಾತ್ರೆ ನಿಲ್ಲಿಸಬೇಡಿ. ಇದನ್ನು ಭಾಷಣದಲ್ಲಿ ಹೇಳಲಿಲ್ಲ ನೀವು.

ಎಲ್ಲದರ ಮೂಲ ಹೇಳುವವರು ನೀವು. ನಿಮ್ಮ ತಟ್ಟೆಗೆ ಬಿದ್ದ ಸೊಪ್ಪು ಯಾರ ಹೊಲದ್ದು, ಯಾರು ಕಿತ್ತದ್ದು ಎಂದು ಒಂದು ದಿನವಾದರೂ ಕೇಳಿದ್ದೀರಾ?

ಶನಿವಾರ ಬೆಳಗ್ಗೆ ಬರುತ್ತೇನೆ. ನವ್ಯಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಒಂದು ಸಲ ತೋರಿಸಬೇಕು, ನೀವೂ ರಜೆ ಹಾಕಿ ಬನ್ನಿ. ಅಲ್ಲಿಂದ ಅವಳು ನನ್ನ ಜೊತೆ ಕ್ಯಾಸಂಬಳ್ಳಿಗೆ ಬರುತ್ತಾಳೆ. ನೀವು ಬರುವುದಾದರೆ ನಮ್ಮಮ್ಮನ ಪಕ್ಕದಲ್ಲಿ ಕೂತು, ಅವಳು ಕಟ್ಟಿದ ಮುದ್ದೆ ಉಣ್ಣಬೇಕು, ಉಂಡು ತಪ್ಪಾಯಿತು ಅನ್ನಬೇಕು. ಆಗದಿದ್ದರೆ ನವ್ಯಳ ಟಿ.ಸಿ. ತೆಗೆದುಕೊಂಡು ಬಂದು ಇಲ್ಲಿಯ ಶಾಲೆಗೇ ಸೇರಿಸುತ್ತೇನೆ. ಇದರಲ್ಲಿ ಎರಡು ಮಾತಿಲ್ಲ.

ಇಂತಿ,
ಅಶ್ವತ್ಥಮ್ಮನ ಮಗಳು
ಶ್ಯಾಮಲ

ಮರೆತ ಮಾತು: ಭಾಷಣದಲ್ಲಿ ಹೊಗಳಿದಿರಲ್ಲ, ಆಂಡರ್ಸನ್‌ಪೇಟೆಯಲ್ಲಿ ನೀವೇ ಹುಡುಕಿದ ಸೊಪ್ಪಿನ ವೆಂಕಟರತ್ನಮ್ಮ, ಆಕೆ ನಮ್ಮೂರಿನವಳು. ನಿಮ್ಮ ಬಾಗಿಲಿಗೆ ಆಕೆ ತಂದುಕೊಟ್ಟ ಒಂದೊಂದು ಕಟ್ಟೂ ನಾನು ನಮ್ಮ ರಾಗಿ ಹೊಲದಲ್ಲಿ ಕಿತ್ತದ್ದು. ನಾನು ಹಾಕುವ ಬಾಳೆ ನಾರಿನ ಗಂಟು ನೋಡಿ ನವ್ಯ ಮೊದಲ ದಿನವೇ ಕಂಡುಹಿಡಿದಳು, ನಿಮಗೆ ಹೇಳಬೇಡ ಎಂದು ನಾನೇ ಬಾಯಿ ಕಟ್ಟಿದ್ದೆ. ಹೋದ ವಾರ ಆಕೆ ತಂಗಿಯ ಮನೆಗೆ ಹೋದಳು. ಕದಿರಪ್ಪನ ಕೈಯಲ್ಲಿ ಕಳಿಸಬಹುದಿತ್ತು. ಅವನು ಬಂದರೆ ಸೊಪ್ಪು ನನ್ನದೆಂದು ನಿಮಗೆ ಗೊತ್ತಾಗಿಬಿಡುತ್ತದೆ, ನಾನು ಸೋತ ಹಾಗಾಗುತ್ತದೆ ಎಂದು ಸುಮ್ಮನಿದ್ದೆ. ಅದಕ್ಕೇ ನೀವು ದಿಬ್ಬಕ್ಕೆ ಹೋದಿರಿ. ಮಗು ತಿಂದ ಆ ಎರಡು ತುತ್ತಿನಲ್ಲಿ ಒಂದರ ತಪ್ಪು ನನ್ನದು. ಇವತ್ತಿನ ಕಟ್ಟು ಈ ಕಾಗದದ ಜೊತೆಗೇ ಇದೆ. ಬೇಯಿಸಿದ ನೀರು ಚೆಲ್ಲಬೇಡಿ, ಬಸ್ಸಾರು ಮಾಡಿ, ನವ್ಯಳಿಗೆ ಬಿಸಿಯಾಗಿ ಬಡಿಸಿ.