ಮೂರನೇ ಸಾಲು

ಜಹ್ರಾ, ಕುವೈತ್
ನವೆಂಬರ್ ೨೩, ಭಾನುವಾರ

ನನ್ನ ಮುದ್ದಿನ ಬಶಾಯರ್,

ಹೊಸ ಗಾಡಿಗೆ ಶುಭವಾಗಲಿ. ಫೋನಿನಲ್ಲಿ ಹೇಳೋಣವೆಂದರೆ ನೀನು ನನ್ನ ನಂಬರನ್ನು ತಡೆದುಬಿಟ್ಟಿದ್ದೀಯ. ಮೆಟ್ಟಿಲು ಹತ್ತಿ ಬಂದು ಹೇಳೋಣವೆಂದರೆ ಮಹಡಿಯ ಒಳಬಾಗಿಲಿಗೆ ಚಿಲಕ. ಒಂದೇ ಮನೆಯಲ್ಲಿದ್ದುಕೊಂಡು ಕೆಳಗಿನವಳು ಮೇಲಿನವಳಿಗೆ ಕಾಗದ ಬರೆಯುವ ಕಾಲ ಬಂತು ನೋಡು. ಜೊತೆಗೆ ಒಂದು ಡಬ್ಬಿ ಊದ್ ಧೂಪ ಕಳಿಸಿದ್ದೇನೆ. ಹೊಸ ಚರ್ಮದ ಸೀಟಿನ ವಾಸನೆ ನಿನಗೆ ಆಗುವುದಿಲ್ಲ ಎಂದು ಗೊತ್ತು. ಗಾಡಿಯೊಳಗೆ ಹೊಗೆ ಹಾಕಿಸಿಕೋ.

ನಿನ್ನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದೆ ಹೇಳು. ಶಾಲೆಯಲ್ಲಿ ಒಂದೇ ಬೆಂಚು, ಆಮೇಲೆ ಒಂದೇ ಕಚೇರಿ. ಮೊದಲ ಗಂಡ ಬಿಟ್ಟಾಗ ನೀನು ಪೆಟ್ಟಿಗೆ ಹಿಡಿದು ನಿನ್ನಣ್ಣನ ಮನೆಗೆ ಹೋಗಲಿಲ್ಲ, ನನ್ನ ಮನೆಗೆ ಬಂದೆ. ನನ್ನ ಹಾಸಿಗೆಯಲ್ಲಿ ಮಲಗಿಸಿದೆ, ನನ್ನ ತಟ್ಟೆಯಲ್ಲಿ ಉಣಿಸಿದೆ. "ಅವಳು ನಮ್ಮವಳೇ, ಪಾಪ" ಎಂದು ಆಗ ನನ್ನೊಬ್ಬಳ ಗಂಡನಾಗಿದ್ದ ಫವಾಜ್‌ಗೆ ನಾನೇ ಹೇಳಿದೆ. ಅವನು ನನ್ನ ಮಾತನ್ನು ಅಕ್ಷರಶಃ ತೆಗೆದುಕೊಂಡ. ಈಗ ನೀನು ನನ್ನ ಸವತಿ. ಊರಿನ ಹೆಂಗಸರು ಕಾಫಿ ಕುಡಿಯುತ್ತ ನನ್ನನ್ನು ನೋಡಿ ಕಣ್ಣು ಒರೆಸಿಕೊಳ್ಳುತ್ತಾರೆ, ಆಚೆ ಹೋಗಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಿನ್ನ ಮೇಲೆ ನನಗೆ ಕೋಪವಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಸುಳ್ಳು ಹೇಳುವುದರಲ್ಲಿ ನಾನೂ ಈಗ ನುರಿತಿದ್ದೇನೆ.

ಗಾಡಿ ಹೇಗೆ ಬಂತು ಎಂದು ಫವಾಜ್ ನಿನಗೆ ತನ್ನ ರೀತಿಯಲ್ಲಿ ಹೇಳಿರುತ್ತಾನೆ. ನನ್ನ ರೀತಿಯಲ್ಲೂ ಸ್ವಲ್ಪ ಕೇಳು.

ನಿನ್ನ ಮದುವೆಯಾದಾಗಿನಿಂದ ಅವನಿಗೆ ಒಂದೇ ಹುಚ್ಚು. ಮೂರು ಸಾಲಿನ ದೊಡ್ಡ ಗಾಡಿ, ಇಡೀ ಮನೆ ಒಂದರಲ್ಲೇ ಕೂತು ಮರಳುಗಾಡಿನ ಚಳಿಗಾಲದ ಡೇರೆಗೆ ಹೋಗಬೇಕು. ಇಬ್ಬರು ಹೆಂಡಿರಲ್ಲಿ ಒಬ್ಬಳ ಕಡೆ ವಾಲಿದ ಗಂಡಸು ಕೊನೆಯ ತೀರ್ಪಿನ ದಿನ ಮೈಯ ಒಂದು ಪಕ್ಕ ಜೋತುಬಿದ್ದು ಎದ್ದು ಬರುತ್ತಾನೆ ಎಂದು ಮಸೀದಿಯಲ್ಲಿ ಕೇಳಿ ಬಂದವನು, ಅಂದಿನಿಂದ ತಕ್ಕಡಿ ಹಿಡಿದೇ ಓಡಾಡುತ್ತಾನೆ. ನನಗೊಂದು ಪೆಟ್ಟಿಗೆ ಖರ್ಜೂರ ತಂದರೆ ನಿನಗೊಂದು. ನನಗೆ ಗುಲಾಬಿ ಅತ್ತರು ತಂದರೆ ನಿನಗೂ ಅದೇ, ಇಬ್ಬರ ಮೈಯಿಂದಲೂ ಒಂದೇ ವಾಸನೆ ಬಡಿಯುತ್ತದೆ. ಗಾಡಿಯಲ್ಲೂ ಅವನದು ಅದೇ ಲೆಕ್ಕ. "ಮುಂದೆ ಅಮ್ಮ ಕೂತ್ಕೋತಾಳೆ. ನಡುವಿನ ಸಾಲಲ್ಲಿ ಬೇರೆ ಬೇರೆ ಎರಡು ಕುರ್ಚಿ ಇರೋದು ನೋಡು. ನಿಂಗೊಂದು, ಅವಳಿಗೊಂದು. ಮಕ್ಕಳು ಹಿಂದೆ. ನೀನು ಹಿರೀಳು, ನೀನೇ ಆರ್ಸು," ಅಂದ. ಈ ಕಡೆಯ ಗಂಡಸರು ಎರಡು ಮದುವೆಯಾಗುವಾಗ ನ್ಯಾಯ ನೋಡುವುದಿಲ್ಲ, ಆದಮೇಲೆ ಕುರ್ಚಿಯ ಅಗಲ ನೋಡುತ್ತಾರೆ.

ಹಿರಿಯಳಿಗೆ ಸಿಕ್ಕಿದ ಮರ್ಯಾದೆಯನ್ನು ಬಿಡಲೇ? ಆರಿಸಿದೆ. ಎಷ್ಟು ಶ್ರದ್ಧೆಯಿಂದ ಎಂದರೆ, ನನ್ನ ಮದುವೆಯ ಒಡವೆಯನ್ನೂ ಅಷ್ಟು ನೋಡಿ ಕೊಂಡಿರಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತರೆ ನಿನಗೆ ತಲೆ ತಿರುಗಿ ವಾಂತಿಯಾಗುತ್ತದೆ. ಶಾಲೆಯ ಬಸ್ಸಿನಲ್ಲಿ ನನ್ನ ಮಡಿಲು ಹಾಳು ಮಾಡಿದವಳು ನೀನು. ಆದ್ದರಿಂದ ನಾನು ನಡುವಿನ ಸಾಲಿನಲ್ಲಿ ಒಂದೇ ಉದ್ದದ ಸೀಟು ಇರುವ ಗಾಡಿ ಹುಡುಕಿದೆ. ನನ್ನ ಇಬ್ಬರು ಚಿಕ್ಕ ಮಕ್ಕಳನ್ನು ಕೂರಿಸುವ ಪುಟಾಣಿ ಕುರ್ಚಿಗಳನ್ನು ಅದರ ಎರಡು ತುದಿಗೆ ಬಿಗಿದರೆ, ನಡುವೆ ತಾಯಿಗೆ ಮಾತ್ರ ಜಾಗ. ಉಳಿದವರು ಹಿಂದಕ್ಕೆ. ಮಕ್ಕಳನ್ನು ತಾಯಿಯ ಪಕ್ಕದಿಂದ ಎಬ್ಬಿಸಿ ಎಂದು ಯಾವ ಮೌಲ್ವಿಯೂ ಹೇಳುವುದಿಲ್ಲವಲ್ಲ. ಮೂರನೇ ಸಾಲನ್ನು ನಾನೇ ಹತ್ತಿ ಹತ್ತಿ ನೋಡಿದೆ. ಒಂದು ಶೋರೂಮಿನಲ್ಲಿ ಅದು ತೀರಾ ಸುಖವಾಗಿತ್ತು, ಬೇಡವೆಂದೆ. ಇನ್ನೊಂದರಲ್ಲಿ ಹಿಂದಿನವರಿಗೂ ತಣ್ಣನೆಯ ಗಾಳಿ ಚೆನ್ನಾಗಿ ಬರುತ್ತಿತ್ತು, ಬಣ್ಣ ಸರಿಯಿಲ್ಲ ಎಂದು ಮೂಗು ಮುರಿದೆ. ಕೊನೆಗೆ ಒಂದು ಸಿಕ್ಕಿತು. ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಕಿಟಕಿ ಅಂಗೈಯಷ್ಟು. ಓಡಿಸಿ ನೋಡಿದಾಗ, ತಿರುವಿನಲ್ಲಿ ಹೊಟ್ಟೆಯೊಳಗಿನದೆಲ್ಲ ಜೊತೆಗೆ ತಿರುಗುತ್ತಿತ್ತು. ಆವತ್ತು ನನಗೆ ಬಹಳ ಸಂತೋಷವಾಯಿತು.

ಅಲ್ಲಿ ಮಾರುತ್ತಿದ್ದವನು ರಮ್ಜಿ ಎಂಬ ಲೆಬನಾನಿನವನು, ಬಾಯಿ ತುಂಬ ಜೇನು. ಹಿರಿಮಗನ ಹೆಸರು ಕೇಳಿಕೊಂಡು, ಈ ಕಡೆಯ ಮರ್ಯಾದೆಯಂತೆ ಅದರಿಂದಲೇ ನನ್ನನ್ನು ಕರೆದ. "ಮುತ್ಲಕನ ತಾಯೀ, ನಿಮಗೆ ಸುಳ್ಳು ಹೇಳಲ್ಲ, ಹಿಂದಿನ ಸಾಲು ಚಿಕ್ಕ ಮಕ್ಕಳಿಗೆ ಮಾತ್ರ. ದೊಡ್ಡೋರು ಕೂತ್ರೆ ನನಗೆ ಶಾಪ ಹಾಕ್ತಾರೆ," ಅಂದ.

"ಹಾಕ್ಲಿ ಬಿಡಪ್ಪಾ, ನಿಂಗೇನು ಕೇಳ್ಸುತ್ತಾ?" ಅಂದೆ.

ಅತ್ತೆಗೆ ಎಲ್ಲದರಲ್ಲೂ ಕೈ ಹಾಕದಿದ್ದರೆ ಅನ್ನ ಇಳಿಯುವುದಿಲ್ಲ. "ನಾನೂ ನೋಡ್ತೀನಿ" ಎಂದು ಹಿಂದಕ್ಕೆ ತೂರಿದಳು. ತೂರಿದ್ದೇನೋ ಆಯಿತು, ಹೊರಗೆ ಬರುವುದು ಆಗಲಿಲ್ಲ. ಉದ್ದನೆಯ ಅಬಾಯದ ಅಂಚು ಎಲ್ಲೋ ಸಿಕ್ಕಿಕೊಂಡಿತು, ಕಾಲು ಎಲ್ಲೋ. ಫವಾಜ್ ಒಂದು ಕೈ ಎಳೆದ, ನಾನು ಒಂದು ಕೈ. "ಇದು ಗಾಡಿಯೋ ಗೋರಿಯೋ? ನನ್ನ ಇಲ್ಲೇ ಹೂತ್ಬಿಡಿ, ಆ ಖರ್ಚಾದ್ರೂ ಉಳೀತದೆ!" ಎಂದು ಶೋರೂಮಿಗೆಲ್ಲ ಕೇಳುವ ಹಾಗೆ ಕೂಗಿದಳು. ಹೊರಗೆ ಬಂದು ಉಸಿರು ಬಿಟ್ಟ ಮೇಲೆ ನನ್ನ ಕಿವಿಯಲ್ಲಿ, "ಇದನ್ನೇ ತಗೋಳೇ. ಅವಳ ಕೊಬ್ಬು ಇಳೀಲಿ," ಅಂದಳು. ನಿನ್ನ ಮುಂದೆ ಅವಳು ಸಕ್ಕರೆಯಾಗುತ್ತಾಳೆ, ಅದಕ್ಕೇ ತಿಳಿಸಿದೆ.

ಫವಾಜ್‌ಗೆ ಮಾತ್ರ ಸಮಾಧಾನವಿಲ್ಲ. ಗಡ್ಡ ಕೆರೆದುಕೊಳ್ಳುತ್ತ, "ಮತ್ತೆ ಬಶಾಯರ್ ಎಲ್ಲಿ ಕೂತ್ಕೋತಾಳೆ?" ಅಂದ.

"ಹಿಂದೆ ಕಣೋ. ನಾನು ಮಕ್ಕಳ ನಡುವೆ ನಲುಗಿ ಸಾಯ್ತೀನಿ. ಅವಳಿಗೆ ನೋಡು, ಒಂದು ಇಡೀ ಸಾಲೇ ಬಿಟ್ಕೊಟ್ಟಿದೀನಿ. ಮುತ್ಲಕ್ ಒಬ್ಬ ಪಕ್ಕದಲ್ಲಿ ಮುದುರ್ಕೊಂಡು ಕೂತ್ರೆ ಆಯ್ತು. ರಾಣಿ ಹಾಗೆ ಕಾಲು ಚಾಚ್ಕೊಂಡು ಬರ್ಲಿ," ಅಂದೆ.

ಕಣ್ಣಲ್ಲಿ ನೀರು ಬಂತು ಅವನಿಗೆ. ನನ್ನ ಗಂಡ ಎಂಥ ಪೆದ್ದ ಎಂದು ನಾನು ಒಳಗೊಳಗೇ ನಕ್ಕೆ. ಅವನು ರಮ್ಜಿಯ ಮೇಜಿಗೆ ಹೋದ. ನಾನು ಶೋರೂಮಿನವರು ಕೊಟ್ಟ ಕಾಫಿ ಕುಡಿಯುತ್ತ, ನೀನು ಮೊದಲ ತಿರುವಿನಲ್ಲೇ ಪ್ಲಾಸ್ಟಿಕ್ ಚೀಲ ಕೇಳುವುದನ್ನು ಕಲ್ಪಿಸಿಕೊಂಡು ಕೂತಿದ್ದೆ.

ಅವನು ಎರಡು ಕೀಲಿಕೈ ಹಿಡಿದು ಬಂದ.

"ಸಬೀಕಾ, ನಿನ್ನ ಮಾತು ಕೇಳಿ ನಂಗೇ ನಾಚ್ಕೆಯಾಯ್ತು. ನೀನು ಅವಳಿಗೆ ಒಂದು ಸಾಲು ಬಿಟ್ಕೊಡೋಷ್ಟು ದೊಡ್ಡೋಳಾದ್ರೆ, ನಾನು ಯಾಕೆ ಸಣ್ಣೋನಾಗ್ಲಿ? ನಿಂಗೊಂದು ಗಾಡಿ, ಅವಳಿಗೊಂದು. ಅದೇ ಬಣ್ಣ, ಅದೇ ಸೀಟು. ಅಲ್ಲಾಹನ ಮುಂದೆ ನಂಗೆ ಭಯವಿಲ್ಲ ಇನ್ನು," ಅಂದ.

"ಅವಳೊಬ್ಬಳಿಗೆ ಮೂರು ಸಾಲು ಯಾಕೆ?" ಎಂದು ಹೇಗೋ ಕೇಳಿದೆ. "ನಿನ್ನದು ತುಂಬಿದೆ, ಅವಳದೂ ತುಂಬುತ್ತೆ, ದೇವರು ಮನಸ್ಸು ಮಾಡಿದ್ರೆ," ಎಂದು ನಕ್ಕ. ಎರಡು ಗಾಡಿಗೂ ಕೆಂಪು ರಿಬ್ಬನ್ನು ಕಟ್ಟಿಸುವಾಗ ರಮ್ಜಿ, "ಆ ಇನ್ನೊಬ್ಬ ಅಮ್ಮನ ಚೀಟೀಲಿ ಯಾರ ತಾಯಿ ಅಂತ ಬರೀಲಿ?" ಅಂದ. "ಸದ್ಯಕ್ಕೆ ಬಶಾಯರ್ ಅಂತಷ್ಟೇ ಬರಿ," ಅಂದ ನಿನ್ನ ಗಂಡ. ನಿನ್ನ ರಿಬ್ಬನ್ನಿನ ಮೇಲಿನ ಚೀಟಿ ಯಾಕೆ ಅಷ್ಟು ಚಿಕ್ಕದಿತ್ತು ಎಂದು ಈಗ ತಿಳಿಯಿತಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಗುರುವಾರ ಡೇರೆಗೆ ಹೊರಟೆವಲ್ಲ, ಒಂದು ದಿನ ನನಗೆ, ಒಂದು ದಿನ ನಿನಗೆ ಎಂಬ ಅವನ ಲೆಕ್ಕದಲ್ಲಿ ಆವತ್ತು ನಿನ್ನ ಸರದಿ. ಅವನು ನಿನ್ನ ಗಾಡಿ ಓಡಿಸಿದ. ಅತ್ತೆ ಮಗ ಇದ್ದಲ್ಲೇ ಕೂರುವವಳು, ನಿನ್ನ ಗಾಡಿಯ ಮುಂದಿನ ಸೀಟಿಗೆ ಹೋದಳು. ಮುತ್ಲಕ್‌ಗೆ ಹದಿನಾಲ್ಕು ವರ್ಷ, ಅಪ್ಪ ಮರಳಿನಲ್ಲಿ ಗಾಡಿ ಓಡಿಸುವುದನ್ನು ನೋಡಬೇಕು ಎಂದು ಅವನೂ ಹತ್ತಿದ. ಅಣ್ಣ ಹತ್ತಿದ ಎಂದು ಹುಡುಗಿ, ಅವಳು ಹತ್ತಿದಳು ಎಂದು ಕೊನೆಯ ಪುಟ್ಟ. ಮಕ್ಕಳ ಕುರ್ಚಿಗಳನ್ನು ಡ್ರೈವರ್ ನಸೀರ್ ನನ್ನ ಗಾಡಿಯಿಂದ ಬಿಚ್ಚಿ ನಿನ್ನದಕ್ಕೆ ಕಟ್ಟಿದ. ಒಂದೇ ಥರದ ಗಾಡಿಯಲ್ಲವೇ, ಸರಿಯಾಗಿ ಕೂತವು. ನಾನು ಅಂಗಳದಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದೆ. "ನೀನು ಆರಾಮಾಗಿ ಬಾ ಅಮ್ಮಾ, ಅದರಲ್ಲಿ ಎಷ್ಟೊಂದು ಜಾಗ ಇದೆ!" ಎಂದು ಮುತ್ಲಕ್ ಕಿಟಕಿಯಿಂದ ಕೂಗಿದ. ಅವನಿಗೆ ನಿಜವಾಗಿಯೂ ನನ್ನ ಬಗ್ಗೆ ಕಾಳಜಿ, ಪಾಪ.

ಜಾಗ ಇದೆ ಎಂದು ಎಲ್ಲರಿಗೂ ಹೊಳೆಯಿತು. ಡೇರೆಯ ಕಂಬಗಳು ಬಂದವು, ಅಕ್ಕಿ ಮೂಟೆ ಬಂತು, ಗ್ಯಾಸ್ ಸಿಲಿಂಡರು ಬಂತು. ನಿನಗಾಗಿ ನಾನು ಅಷ್ಟು ಹುಡುಕಿ ಆರಿಸಿದ ಮೂರನೇ ಸಾಲಿನಲ್ಲಿ ಶುಕ್ರವಾರದ ಊಟದ ಕುರಿಯನ್ನು ಕಟ್ಟಿದರು. ದಾರಿಯುದ್ದಕ್ಕೂ ಅದು ನನ್ನ ಕತ್ತಿನ ಹಿಂದೆ ಉಸಿರು ಬಿಡುತ್ತ ಬಂತು. ನಸೀರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಕಿಟಕಿ ತೆಗೀಲಾ ಅಮ್ಮಾ?" ಎಂದು ಕೇಳಿದ. ಬೇಡ ಎಂದೆ.

ಸಾಲ್ಮಿ ರಸ್ತೆಯ ಸಿಗ್ನಲ್ಲಿನಲ್ಲಿ ನಿನ್ನ ಗಾಡಿ ನನ್ನ ಪಕ್ಕಕ್ಕೆ ಬಂದು ನಿಂತಿತು. ನೀನು ನನ್ನನ್ನು ನೋಡಲಿಲ್ಲ. ನೀನು ನಡುವಿನ ಸಾಲಿನಲ್ಲಿ ಇದ್ದೆ, ನಾನು ನನಗೆಂದು ಇಟ್ಟುಕೊಂಡ ಜಾಗದಲ್ಲೇ. ಪುಟ್ಟ ತನ್ನ ಕುರ್ಚಿಯಿಂದ ಬಾಗಿ ನಿನ್ನ ತೋಳಿನ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದ. ನೀನು ಅವನ ಕೂದಲನ್ನು ಹಣೆಯಿಂದ ಸರಿಸುತ್ತಿದ್ದೆ. ಫವಾಜ್ ಏನೋ ಹೇಳಿದ, ಎಲ್ಲರೂ ನಕ್ಕರು. ಗಾಜು ಏರಿಸಿದ್ದರಿಂದ ನನಗೆ ನಗು ಕೇಳಿಸಲಿಲ್ಲ. ನನ್ನ ಇಡೀ ಸಂಸಾರ ಆ ಗಾಡಿಯಲ್ಲಿತ್ತು, ನಾನೊಬ್ಬಳು ಕುರಿಯ ಜೊತೆ ಈ ಗಾಡಿಯಲ್ಲಿದ್ದೆ. ಹಸಿರು ದೀಪ ಬಂತು, ನೀವು ಮುಂದೆ ಹೋದಿರಿ.

ಬಶಾಯರ್, ನಿನ್ನಿಂದ ಏನನ್ನೂ ಕೇಳಬಾರದು ಎಂದು ಆಣೆ ಇಟ್ಟುಕೊಂಡಿದ್ದೆ. ಈಗ ಕೇಳುತ್ತೇನೆ. ನಿನ್ನ ಗಾಡಿ ಬೇಡ ಎಂದು ಅವನಿಗೆ ಹೇಳು. ಒಬ್ಬಳೇ ಅಷ್ಟು ದೊಡ್ಡದರಲ್ಲಿ ಕೂರಲು ಭಯ ಅನ್ನು, ಕಣ್ಣು ಬೀಳುತ್ತದೆ ಅನ್ನು, ಏನಾದರೂ ಅನ್ನು. ಅವನ ತಮ್ಮ ಆ ಗಾಡಿಯ ಮೇಲೆ ಆಗಲೇ ಕಣ್ಣು ಹಾಕಿದ್ದಾನೆ, ಅವನಿಗೆ ಕೊಟ್ಟುಬಿಡಲಿ. ಎಲ್ಲರೂ ನನ್ನದರಲ್ಲೇ ಹೋಗೋಣ. ನಡುವಿನ ಜಾಗ ನೀನೇ ಇಟ್ಟುಕೋ. ಪುಟ್ಟ ನಿನ್ನ ಪಕ್ಕದಲ್ಲೇ ಇರಲಿ, ನಿನ್ನ ತೋಳಿನ ಮೇಲೇ ಮಲಗಲಿ. ನಾನು ಹಿಂದೆ ಕೂರುತ್ತೇನೆ. ಅಲ್ಲಿಂದ ಮಕ್ಕಳ ತಲೆ ಕಾಣುತ್ತದೆ, ಫವಾಜ್ ಮಾತಾಡಿದರೆ ಕೇಳಿಸುತ್ತದೆ. ನನಗೆ ಅಷ್ಟು ಸಾಕು.

ನಿನ್ನವಳೇ ಆದ
ಸಬೀಕಾ

ಮರೆತ ಮಾತು: ನೀನು ಸುಲಭಕ್ಕೆ ಒಪ್ಪುವುದಿಲ್ಲ, ನಿನ್ನ ಹಠ ನನಗೆ ಗೊತ್ತು, ಅದಕ್ಕೇ ಇದನ್ನೂ ಬರೆಯುತ್ತೇನೆ. ನಿನ್ನ ಮೊದಲ ಗಂಡ ನಿನ್ನನ್ನು ಬಿಟ್ಟದ್ದು ಅವನು ಜಿಪುಣನಾದ್ದರಿಂದ ಎಂದು ಫವಾಜ್ ಈಗಲೂ ನಂಬಿದ್ದಾನೆ. ನಿನಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ಆ ಕೋಣೆಯಲ್ಲಿ ನಿನ್ನ ಕೈ ಹಿಡಿದು ಕೂತಿದ್ದವಳು ನಾನೊಬ್ಬಳೇ. ಈವರೆಗೆ ಅತ್ತೆಗೂ ಹೇಳಿಲ್ಲ, ಅವನಿಗೂ ಹೇಳಿಲ್ಲ. ಹೇಳಲು ನನಗೆ ಇಷ್ಟವೂ ಇಲ್ಲ. ಬರುವ ಗುರುವಾರ ನಾನು ಅಂಗಳಕ್ಕೆ ಬಂದಾಗ ಅಲ್ಲಿ ಒಂದೇ ಗಾಡಿ ನಿಂತಿರಲಿ.