ಹೀಲಿ ಪಾಸ್ ಇಳಿಯುವ ಮುಂಚೆ

ಮೇ ೧೮, ಭಾನುವಾರ

ಇವತ್ತೂ ಕೆರಿ ಜಿಲ್ಲೆಯಲ್ಲಿ ಎರಡು ಗಂಟೆ ಸುತ್ತಾಡಿದೆ. ಕಂಪ್ಯೂಟರಿನಲ್ಲೇ. ಶಾರದಕ್ಕ ಐರ್ಲೆಂಡಿಗೆ ಸೈಕಲ್ ತುಳಿಯಲು ಹೋಗುತ್ತೇನೆ ಅಂದಾಗಿನಿಂದ ಇದೇ ಚಟ. ಮ್ಯಾಪ್ ತೆರೆದು ಆ ರಸ್ತೆಗಳಲ್ಲಿ ಒಂದೊಂದೇ ತಿರುವು ದಾಟಿಕೊಂಡು ಹೋಗುವುದು.

ಏನು ರಸ್ತೆಗಳಪ್ಪ! ಒಂದು ಕಾರು ಹಿಡಿಸುವಷ್ಟೇ ಅಗಲ. ಎರಡೂ ಕಡೆ ಕಲ್ಲಿನ ಗೋಡೆ, ಸಿಮೆಂಟಿಲ್ಲ, ಕಲ್ಲ ಮೇಲೆ ಕಲ್ಲು ಕೂರಿಸಿದ್ದು, ಬಿದ್ದಿಲ್ಲ. ಟಾರಿನ ನಡುವೆ ಹುಲ್ಲಿನ ಗೆರೆ. ಕುರಿಗಳ ಬೆನ್ನಿಗೆ ನೀಲಿ ಬಣ್ಣ, ಕೆಂಪು ಬಣ್ಣ. ಆಮೇಲೆ ಹೀಲಿ ಪಾಸ್ ಅನ್ನುವ ಘಾಟಿ. ಬೆಟ್ಟದ ನೆತ್ತಿಯಿಂದ ಕೆಳಗೆ ನೋಡಿದರೆ ಒಗೆದ ಪಂಚೆ ಜಾರಿ ಮಡಿಕೆ ಮಡಿಕೆಯಾಗಿ ಬಿದ್ದ ಹಾಗಿದೆ ರಸ್ತೆ. ಹಾಕಿದವರಿಗೆ ಕೈ ಮುಗಿಯಬೇಕು. ಇಳಿಯುವವರ ಗತಿ ಏನೋ. ತಡೆಗೋಡೆಯೇ ಇಲ್ಲ ಕೆಲವು ಕಡೆ. ಎಣಿಸಿದೆ. ಒಂಬತ್ತು ಕಡೆ.

ವಸಂತಾ ಅಡುಗೆಮನೆಯಿಂದಲೇ ಕೂಗಿದಳು: "ರೀ, ಐರ್ಲೆಂಡಿಂದ ಬರ್ತಾ ಒಂದು ಕಟ್ಟು ಕೊತ್ತಂಬರಿ ತನ್ನಿ."

ಜೂನ್ ೫, ಗುರುವಾರ

ಎರಡು ಪಂಕ್ಚರ್, ಒಂದು ಚೈನು, ಬಗ್ಗಿದ ಚಕ್ರ ಒಂದು. ಬಿಸಿಲು ಬಂದರೆ ಸಾಕು, ಅಮೆರಿಕದ ಈ ಬಾಥೆಲ್ ಊರಿಗೆ ಊರೇ ನದಿ ಪಕ್ಕದ ಸೈಕಲ್ ದಾರಿಯಲ್ಲಿ. ಅಂಗಡಿಯ ಕೆಲಸ ಮುಗಿಸಿ ಅಕ್ಕನ ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿದೆ. ಶನಿವಾರ ಅವಳ ಜೊತೆ ವಿಮಾನ ಹತ್ತುವುದು ಇದೇ. ಜೊತೆಗೆ ಹೊರಟ ಗೆಳತಿಯರು ಮೂವರೂ ಐರ್ಲೆಂಡಿನಲ್ಲೇ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಅಕ್ಕನಿಗೆ ಮಾತ್ರ ತಮ್ಮ ರೆಡಿ ಮಾಡಿದ್ದೇ ಆಗಬೇಕು. ಹೆಮ್ಮೆ. ಹೆಮ್ಮೆಗಿಂತ ಭಯ ಜಾಸ್ತಿ.

ಬೋಲ್ಟುಗಳನ್ನೆಲ್ಲ ಎರಡು ಸಲ ನೋಡಿದೆ. ಮೂರನೇ ಸಲವೂ. ಆಗ ಹೊಳೆಯಿತು... ಅದು ಎಡಗಡೆ ಓಡಿಸುವ ದೇಶ. ನಮ್ಮ ಮೈಸೂರಿನ ಹಾಗೆ. ಅಲ್ಲಿ ರಸ್ತೆ ದಾಟಿ ತಿರುಗುವಾಗ ಬಲಗೈ ಚಾಚಬೇಕು, ಹ್ಯಾಂಡಲ್ ಮೇಲೆ ಉಳಿಯುವುದು ಎಡಗೈ. ಎಡಗೈಗೆ ಹಿಂದಿನ ಬ್ರೇಕ್ ಇದ್ದರೆ ಕ್ಷೇಮ, ಮುಂದಿನದನ್ನು ಜೋರಾಗಿ ಒತ್ತಿದರೆ ಸೈಕಲ್ ಮುಗ್ಗರಿಸುತ್ತದೆ. ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು ಅಗ್ರಹಾರದ ಸೈಕಲ್ ಶಾಪ್ ಸೇರಿದಾಗ ಮೊದಲು ಕಲಿತದ್ದೇ ಅದು: ಬಲಗೈ ಮುಂದಿನ ಚಕ್ರ, ಎಡಗೈ ಹಿಂದಿನದು. ಅಮೆರಿಕದಲ್ಲಿ ಉಲ್ಟಾ. ಕೇಬಲ್ ಎರಡನ್ನೂ ಅದಲುಬದಲು ಮಾಡಿದೆ. ಐದು ನಿಮಿಷದ ಕೆಲಸ.

ಅಕ್ಕನಿಗೆ ಹೇಳಬೇಕು.

ಜೂನ್ ೭, ಶನಿವಾರ

ಏರ್‌ಪೋರ್ಟಿಗೆ ಬಿಟ್ಟು ಬಂದೆ. ೪೦೫ ಹೈವೇಯಲ್ಲಿ ಟ್ರಾಫಿಕ್, ಸೈಕಲ್ ಬಾಕ್ಸ್ ಉದ್ದ ಜಾಸ್ತಿ ಎಂದು ಕೌಂಟರಿನಲ್ಲಿ ತಕರಾರು, ಆ ಕಡೆ ಓಡು, ಈ ಕಡೆ ಓಡು. ಅಕ್ಕ ನಗುತ್ತಲೇ ಇದ್ದಳು. ಅರವತ್ತೊಂದು ವಯಸ್ಸು. ವಿಮಾನದ ರೆಕ್ಕೆ ಎಷ್ಟು ಬಗ್ಗಿದರೆ ಮುರಿಯುತ್ತದೆ ಎಂದು ಮೂವತ್ತು ವರ್ಷ ಲೆಕ್ಕ ಹಾಕಿದವಳು. ನನಗಾಗಿ ವೀಸಾ ಅರ್ಜಿ ಹಾಕಿ ಹದಿಮೂರು ವರ್ಷ ಕಾದು ಇಲ್ಲಿಗೆ ಕರೆಸಿಕೊಂಡವಳು. ಸೈಕಲ್ ಕಲಿತದ್ದು ಐವತ್ತನಾಲ್ಕರಲ್ಲಿ, ನನ್ನ ಹತ್ತಿರ. ಅವಳು ನನ್ನಿಂದ ಕಲಿತದ್ದು ಅದೊಂದೇ.

"ಅಕ್ಕಾ, ಮಳೆ ಬಂದ್ರೆ ನಿಲ್ಲಿಸ್ಬಿಡು."

"ಐರ್ಲೆಂಡಲ್ಲಿ ಮಳೆಗೆಲ್ಲ ನಿಂತ್ರೆ ಅಲ್ಲೇ ಸಂಸಾರ ಹೂಡ್ಬೇಕಾಗತ್ತೆ ಕಣೋ ಅಶ್ವತ್ಥ."

"ಕುರಿ ಅಡ್ಡ ಬಂದ್ರೆ?"

"ನಿನ್ನ ನಂಬರ್ ಕೊಡ್ತೀನಿ. ನೀನೇ ಮಾತಾಡ್ಕೋ."

ಸೆಕ್ಯೂರಿಟಿ ಲೈನಿನಲ್ಲಿ ಮರೆಯಾಗುವ ತನಕ ನಿಂತಿದ್ದೆ. ಏನೋ ಮರೆತ ಹಾಗಿದೆ. ನನಗೆ ಯಾವಾಗಲೂ ಹಾಗೇ ಅನ್ನಿಸುತ್ತದೆ.

ಜೂನ್ ೮, ಭಾನುವಾರ, ಬೆಳಿಗ್ಗೆ ೧೧

ಅಂಗಡಿಯಲ್ಲಿ ವಯಸ್ಸಾದ ಒಬ್ಬರಿಗೆ ಸೈಕಲ್ ಕೊಡುತ್ತ ದಿನಾ ಹೇಳುವ ಮಾತನ್ನೇ ಹೇಳಿದೆ: ಎಡಗೈ ಮುಂದಿನ ಬ್ರೇಕ್, ಮೆಲ್ಲಗೆ ಒತ್ತಿ. ಬಾಯಿ ಹೇಳಿತು. ಕಿವಿ ಈಗ ಕೇಳಿತು.

ಹೇಳಲಿಲ್ಲ. ಅಕ್ಕನಿಗೆ ಹೇಳಲೇ ಇಲ್ಲ.

ಅಕ್ಕ ಮೈಸೂರಿನಲ್ಲಿ ಸೈಕಲ್ ಮುಟ್ಟಿದವಳೇ ಅಲ್ಲ. ಅವಳ ಕೈ ಅಮೆರಿಕದ ಕೈ. ಏಳು ವರ್ಷ ನಾನೇ ಬಾಯಿಪಾಠ ಮಾಡಿಸಿದ್ದೇನೆ, ಗಾಬರಿಯಾದರೆ ಮೊದಲು ಬಲಗೈ, ಅದು ಹಿಂದಿನದು, ಎಷ್ಟು ಜೋರಾಗಿ ಒತ್ತಿದರೂ ಮುಗ್ಗರಿಸಲ್ಲ ಅಂತ. ಈಗ ಬಲಗೈ ಜೋರಾಗಿ ಒತ್ತಿದರೆ ಮುಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ತಲೆಕೆಳಗಾಗಿ...

ನನ್ನೂರಿನ ಬುದ್ಧಿ ಅವಳ ಕೈಗೆ ಕಟ್ಟಿ ಕಳಿಸಿದೆ. ಫೋನ್ ಹಚ್ಚಿದೆ. ಸ್ವಿಚ್ ಆಫ್. ಅಲ್ಲಿ ಸಂಜೆ ಏಳು, ಪ್ರಯಾಣದ ಸುಸ್ತಿಗೆ ಮಲಗಿರಬೇಕು. ಗೆಳತಿಯರ ನಂಬರ್ ನನ್ನ ಹತ್ತಿರ ಇಲ್ಲ. ನಾಲ್ಕು ಸಲ ವಾಯ್ಸ್ ಮೆಸೇಜ್ ಹೇಳಿ ಅಳಿಸಿದೆ. ಐದನೆಯದು ಕಳಿಸಿದೆ: "ಅಕ್ಕಾ, ಬ್ರೇಕ್ ಅದಲುಬದಲು ಮಾಡಿದೀನಿ. ಬಲಗೈ ಮುಂದಿನದು. ತಪ್ಪಾಯ್ತು. ತುಳೀಬೇಡ."

ಒಂದೇ ಟಿಕ್.

ಜೂನ್ ೯, ಸೋಮವಾರ

ಬೆಳಿಗ್ಗೆ ಆರು. ಒಂದೇ ಟಿಕ್. ಅಲ್ಲಿ ಮಧ್ಯಾಹ್ನ ಎರಡು. ಪ್ಲ್ಯಾನ್ ಪ್ರಕಾರ ಡನ್‌ಲೋ ಕಣಿವೆ ದಾಟಿರಬೇಕು.

ಮಧ್ಯಾಹ್ನ ೧.೧೫. ಫೋನ್ ಬಂತು. ಅಂಗಡಿ ಹಿಂದೆ ಟೈರಿನ ರಾಶಿ ಮೇಲೆ ಕೂತು ಮಾತಾಡಿದೆ. ಕೆನ್ಮೇರ್ ಊರು ತಲುಪಿದ್ದಾರೆ. ಫೋನ್ ಚಾರ್ಜ್ ಇರಲಿಲ್ಲವಂತೆ, ನನ್ನ ಮೆಸೇಜ್ ಈಗ ಕೇಳಿದಳಂತೆ.

"ಬಿದ್ದೆ ಕಣೋ," ಅಂದಳು. ಮೊದಲ ಮಾತೇ ಅದು.

ಕಣಿವೆಯ ಇಳಿಜಾರಿನಲ್ಲಿ ಕುದುರೆಗಾಡಿ ತಿರುವು ದಾಟಿ ಎದುರಿಗೆ ಬಂತು. ಬಲಗೈ ಒತ್ತಿದಳು, ನಾನು ಕಲಿಸಿದ ಹಾಗೇ. ಹಿಂದಿನ ಚಕ್ರ ನೆಲ ಬಿಟ್ಟೆದ್ದಿತು, ಅವಳು ಪಕ್ಕದ ಜರಿಗಿಡದ ಪೊದೆಗೆ ಬಿದ್ದಳು. ಮೊಣಕಾಲು ಊದಿದೆ. ಅಂಗೈ ತರಚಿದೆ. ಪೊದೆಯ ಬದಲು ಬಂಡೆ ಇದ್ದಿದ್ದರೆ...

"ಅಕ್ಕಾ, ನಾನೇ ಮಾಡಿದ್ದು. ಎಡಗಡೆ ಓಡಿಸೋ ದೇಶ ಅಂತ..."

"ಗೊತ್ತಾಯ್ತು. ಪೊದೇಲಿ ಬಿದ್ಕೊಂಡೇ ಯೋಚನೆ ಮಾಡಿದೆ. ನಿನ್ನ ಲಾಜಿಕ್ ಏನೋ ಸರಿಯಾಗೇ ಇದೆ. ಟೆಸ್ಟ್ ಪೈಲಟ್‌ಗೆ ಹೇಳ್ದೆ ವಿಮಾನ ಬದಲಾಯಿಸಿದೀಯ, ಅಷ್ಟೇ."

ಬೈದಿದ್ದರೆ ವಾಸಿಯಿತ್ತು. ಬೈಯದೆ ಕಣಿವೆಯ ವರ್ಣನೆ ಶುರು ಮಾಡಿದಳು. ಕಪ್ಪು ನೀರಿನ ಕೆರೆ, ಅದರ ಮೇಲೆ ಗೂನು ಬೆನ್ನಿನ ಕಲ್ಲು ಸೇತುವೆ, ಎರಡೂ ಕಡೆ ಬೆಟ್ಟ ತಲೆ ಬಗ್ಗಿಸಿ ನೋಡುವ ಹಾಗೆ. "ಬಿದ್ದಲ್ಲಿಂದ್ಲೂ ಚೆನ್ನಾಗೇ ಕಾಣ್ತಿತ್ತು ಕಣೋ."

ಇನ್ನು ನನ್ನ ಕೈ ಮುಟ್ಟಿದ ಸೈಕಲ್ ಅವಳು ಹತ್ತುತ್ತಾಳೆಯೇ. ಕೇಳದೆಯೇ ಫೋನ್ ಇಟ್ಟೆ.

ಜೂನ್ ೧೧, ಬುಧವಾರ

ನಿನ್ನೆ ಬರೆಯಲಿಲ್ಲ. ಅಂಗಡಿಗೂ ಹೋಗಲಿಲ್ಲ. ಸ್ಪಾನರ್ ಹಿಡಿಯಲು ಮನಸ್ಸಿಲ್ಲ.

ಅಕ್ಕ ಕಾಲಿಗೆ ಐಸ್ ಇಟ್ಟುಕೊಂಡು ಎರಡು ದಿನ ಕೆನ್ಮೇರಿನಲ್ಲೇ ಉಳಿದಿದ್ದಾಳೆ. ಗೆಳತಿಯರೂ ಅಲ್ಲೇ. ಊತ ಇಳಿದಿದೆ. ನಾಳೆ ಹೀಲಿ ಪಾಸ್ ಹತ್ತಿಯೇ ತೀರುತ್ತಾಳಂತೆ. ಯಾವುದಾದರೂ ವ್ಯಾನಿನಲ್ಲಿ ಹೋಗು ಎಂದು ಅಂಗಲಾಚಿದೆ. ಬೇರೆ ಸೈಕಲ್ ಬಾಡಿಗೆಗೆ ತಗೋ ಎಂದೆ. ಆಗ ವಿಡಿಯೋ ಕಾಲ್ ಮಾಡಿದಳು. ಗೆಸ್ಟ್‌ಹೌಸಿನ ಶೆಡ್, ಗೋಡೆಗೆ ಒರಗಿಸಿದ ಅದೇ ಸೈಕಲ್.

"ಹೇಳ್ಕೊಡು. ನಾನೇ ವಾಪಸ್ ಬದಲಾಯಿಸ್ತೀನಿ."

"ಅಲ್ಲಿ ಯಾರಾದ್ರೂ ಮೆಕ್ಯಾನಿಕ್..."

"ನನ್ನ ಮೆಕ್ಯಾನಿಕ್ ಬಾಥೆಲ್ಲಲ್ಲಿದಾನೆ. ಹೇಳೋ."

ಹೇಳಿದೆ. ಮೊದಲು ಬ್ರೇಕ್ ಸಡಿಲಿಸು. ಕೈಯಲ್ಲಿ ಒತ್ತುವ ಲಿವರ್ ಹತ್ತಿರ ಸಣ್ಣ ತಿರುಪು, ಅದರ ಸೀಳು ಲಿವರಿನ ಸೀಳಿಗೆ ಕೂಡುವ ತನಕ ತಿರುಗಿಸು. ಈಗ ಕೇಬಲ್ ಎಳಿ, ಗುಂಡು ತಲೆ ಆಚೆ ಬರತ್ತೆ.

"ಬರ್ತಿಲ್ಲ."

"ಬಲ ಹಾಕ್ಬೇಡಕ್ಕಾ. ಬಟಾಣಿ ಸಿಪ್ಪೆ ಬಿಡಿಸೋ ಥರ."

ಬಂತು! "ಅಯ್ಯೋ, ಇಷ್ಟೇನಾ," ಎಂದಳು. "ರೆಕ್ಕೆ ಲೆಕ್ಕ ಹಾಕೋದ್ರಲ್ಲೇ ಸರ್ವಿಸ್ ಮುಗೀತು, ಒಂದು ಸ್ಕ್ರೂ ತಿರುಗಿಸಿರ್ಲಿಲ್ಲ ನೋಡು." ಮೂಗಿನ ಮೇಲೆ ಗ್ರೀಸು. ಇಷ್ಟು ಓದಿದವಳು ಶೆಡ್ಡಿನ ನೆಲದ ಮೇಲೆ ಕೂತು ನಾನು ಹೇಳಿದ್ದನ್ನು ಎಲ್‌ಕೆಜಿ ಮಗುವಿನ ಹಾಗೆ ಮಾಡುತ್ತಿದ್ದಾಳೆ.

ಮುಗಿಯುವ ಹೊತ್ತಿಗೆ ಹಿಂದೆ ರಂಜಿನಿ ತಮ್ಮ ಬಾಡಿಗೆ ಸೈಕಲ್ ತಳ್ಳಿಕೊಂಡು ಬಂದರು. ಅಕ್ಕನ ಗೆಳತಿ, ಇಲ್ಲೇ ಪಕ್ಕದ ಬೆಲ್ವ್ಯೂ ಕಡೆಯವರು. "ಅಶ್ವತ್ಥ್ ಅವ್ರೇ, ನನ್ನ ಸೈಕಲ್ಲೂ ಬ್ರೇಕ್ ಹಾಕಿದ್ರೆ ಮುಗ್ಗರಿಸತ್ತೆ ಕಣ್ರೀ. ಹಳೇದು ಅನ್ಸತ್ತೆ."

ಹಳೆಯದಲ್ಲ. ಆ ದೇಶದ ಸೈಕಲ್ಲು, ಬಲಗೈ ಮುಂದಿನದು. ಮೂವರ ಬಾಡಿಗೆ ಸೈಕಲ್ಲೂ ಹಾಗೇ! ಮೂವರೂ ಕಲಿತದ್ದು ಇಲ್ಲಿ. ಅಕ್ಕ ಬೀಳದೆ ಇದ್ದಿದ್ದರೆ ನಾಳೆ ಆ ತಡೆಗೋಡೆಯಿಲ್ಲದ ತಿರುವುಗಳಲ್ಲಿ ಯಾರಿಗೂ ಗೊತ್ತಾಗದೆ...

ಎಲ್ಲರನ್ನೂ ಕರೆಸಿದೆ. ಶೆಡ್ಡಿನಲ್ಲಿ ನಾಲ್ವರು ಹೆಂಗಸರು, ಎರಡು ಡಾಕ್ಟರೇಟ್. ಹ್ಯಾಂಡಲ್ ಹಿಡಿದು ಮುಂದಕ್ಕೆ ತಳ್ಳಿ, ಬಲಗೈ ಮಾತ್ರ ಒತ್ತಿ, ಯಾವ ಚಕ್ರ ನಿಂತಿತು ಹೇಳಿ. ಒಬ್ಬೊಬ್ಬರಾಗಿ ಮುಂದಿನದು, ಮುಂದಿನದು, ಮುಂದಿನದು ಅಂದರು. ಮೂರನ್ನೂ ಬದಲಾಯಿಸಿದ್ದು ಅಕ್ಕ. ನಾನು ಬಾಯಿ ಬಿಡಲಿಲ್ಲ. ಒಂದೂ ತಪ್ಪಿಲ್ಲ. ವಾಪಸ್ ಕೊಡುವಾಗ ಮೊದಲಿನಂತೆ ಮಾಡಿಕೊಡುತ್ತಾರಂತೆ.

"ನಾಳೆ ಇಳೀತೀಯಾ?" ಕೊನೆಗೂ ಕೇಳಿದೆ.

"ನೀನು ನೋಡಿದೀಯಲ್ಲ. ಇನ್ನೇನು."

ಜೂನ್ ೧೨, ಗುರುವಾರ, ಬೆಳಿಗ್ಗೆ ೭.೫೦

ಬೆಟ್ಟದ ತುದಿಯಿಂದ ಫೋನ್. ಗಾಳಿಯ ಸದ್ದಿಗೆ ಅರ್ಧ ಕೇಳಿಸಲಿಲ್ಲ. ಕ್ಯಾಮೆರಾ ತಿರುಗಿಸಿ ತೋರಿಸಿದಳು. ಹತ್ತಿ ಬಂದ ಕಡೆ ಕೆರೆ, ತವರದ ಬಣ್ಣ. ಇಳಿಯುವ ಕಡೆ ಆ ರಸ್ತೆ, ದೂರದಲ್ಲಿ ಸಮುದ್ರ. ತಿಂಗಳುಗಟ್ಟಲೆ ಕಂಪ್ಯೂಟರಿನಲ್ಲಿ ನೋಡಿದ್ದೆ. ಆದರೆ ಅದರಲ್ಲಿ ಮೋಡ ಓಡುವುದಿಲ್ಲ. ನೆರಳು ಒಂದು ತಿರುವಿನಿಂದ ಇನ್ನೊಂದಕ್ಕೆ ಸರಿಯುತ್ತಿತ್ತು, ರಸ್ತೆಯೇ ಉಸಿರಾಡುತ್ತಿದೆ ಅನ್ನುವ ಹಾಗೆ. ಇಂಥದ್ದೂ ಇದೆಯಲ್ಲ ಲೋಕದಲ್ಲಿ.

"ಎಡಗೈ ಮುಂದಿನದು, ಬಲಗೈ ಹಿಂದಿನದು. ಸರೀನಾ ಮೇಷ್ಟ್ರೇ?"

"ಸರಿ ಅಕ್ಕಾ. ನಿಧಾನ."

೮.೧೦. ಏನೂ ಇಲ್ಲ. ವಸಂತಾ ದೋಸೆ ಹಾಕಿಟ್ಟಳು. "ತಿನ್ರೀ. ನೀವು ಉಪವಾಸ ಇದ್ರೆ ಅಲ್ಲಿ ಬ್ರೇಕ್ ಹಿಡಿಯತ್ತಾ?"

೮.೨೫. ಇಲ್ಲ.

೮.೩೮. ರಂಜಿನಿ ಮೆಸೇಜ್. ನಾಲ್ವರೂ ಕೆಳಗೆ, ಯಾರಿಗೂ ಏನೂ ಆಗಿಲ್ಲ. ಜೊತೆಗೆ ವಿಡಿಯೋ. ಕೆಳಗೆ ನಿಂತು ತೆಗೆದದ್ದು. ವಸಂತಾ ಕಣ್ಣೊರೆಸಿಕೊಂಡಳು, ಈರುಳ್ಳಿ ಹೆಚ್ಚುತ್ತಿರಲಿಲ್ಲ.

೮.೪೫. ಮೂರು ಸಲ ನೋಡಿದೆ. ಅಕ್ಕನ ಹಳದಿ ಜಾಕೆಟ್, ಎಲ್ಲರಿಗಿಂತ ಕೊನೆಗೆ. ಒಂದೊಂದು ತಿರುವಿಗೂ ಮೊದಲೇ ನಿಧಾನ ಮಾಡುತ್ತಾಳೆ, ಭುಜ ಸಡಿಲ, ನೋಟ ಮುಂದೆ. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ. ನೀರು ಇಳಿದ ಹಾಗೆ ಇಳಿಯುತ್ತಾಳೆ. ಕೊನೆಯ ತಿರುವಿನಲ್ಲಿ ಕ್ಯಾಮೆರಾ ಕಂಡು ಬಲಗೈ ಎತ್ತಿ ಬೀಸುತ್ತಾಳೆ, ನನಗೇ ಬೀಸಿದ್ದು, ಗೊತ್ತು. ಬಲಗೈ ಮೇಲಿದೆ ಅಂದರೆ ಬ್ರೇಕ್ ಮೇಲೆ ಉಳಿದದ್ದು ಎಡಗೈ ಒಂದೇ, ಎಡಗೈ ಅಂದರೆ ಮುಂದಿನದು, ಇನ್ನೂ ಇಳಿಜಾರಿದೆ, ಅಯ್ಯೋ ಅಕ್ಕಾ, ಮೆಲ್ಲಗೆ—